ಸ್ಪಂಜು ಎಂಬ ಊಹೆ: ಜೀನ್ ಸಾಗಿಸುವ ಪಾಲಿಮರುಗಳ ಬಗೆಗೊಂದು ವಿಮರ್ಶೆ

ಸ್ನಾತಕೋತ್ತರ ವಿದ್ಯಾರ್ಥಿಗಳ ವಿಚಾರ ಸಂಕಿರಣಗಳಲ್ಲಿ ತೂಗುಹಾಕಿದ ಭಿತ್ತಿಪತ್ರಗಳನ್ನು ನೋಡುತ್ತ ಹೋದರೆ ಒಂದು ಚಿತ್ರ ಮತ್ತೆ ಮತ್ತೆ ಎದುರಾಗುತ್ತದೆ. ಮೊಟ್ಟೆಯಾಕಾರದ ಒಂದು ಜೀವಕೋಶ; ಅದರ ಪೊರೆಗೆ ಬಂದು ಅಂಟಿದ ಒಂದು ಗೋಲಿ; ಪೊರೆ ಒಳಕ್ಕೆ ಮಡಿಚಿಕೊಂಡು ಗೋಲಿಯನ್ನು ಚೀಲದಲ್ಲಿ ಕಟ್ಟಿಕೊಳ್ಳುತ್ತದೆ; ಚೀಲ ಊದಿ ಒಡೆಯುತ್ತದೆ; ಹೊರಬಿದ್ದ ಡಿಎನ್‌ಎ ಬಾಣದ ಗುರುತಿನ ಜಾಡು ಹಿಡಿದು ನೇರವಾಗಿ ಕೋಶಕೇಂದ್ರವನ್ನು ಸೇರುತ್ತದೆ. ಚೀಲ ಒಡೆಯುವ ಜಾಗದಲ್ಲಿ ‘ಪ್ರೋಟಾನು ಸ್ಪಂಜು’ ಎಂದು ಬರೆದಿರುತ್ತದೆ. ಈ ಚಿತ್ರವನ್ನು ನಾನೂ ಹಲವು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ವಿದ್ಯಾರ್ಥಿನಿಯೊಬ್ಬಳು ‘ಚೀಲ ಒಡೆದದ್ದನ್ನು ಯಾರಾದರೂ ನೋಡಿದ್ದಾರೆಯೆ ಸಾರ್?’ ಎಂದು ಕೇಳಿದಾಗ ಉತ್ತರ ತಿಳಿದಿರಲಿಲ್ಲ. ಮೂಲ ಪ್ರಬಂಧಗಳಿಗೆ ಹೋಗಬೇಕಾಯಿತು. ಹೋದಮೇಲೆ, ನಾವು ತರಗತಿಯಲ್ಲಿ ಹೇಳುವ ಕಥೆ ಎಷ್ಟು ನಯವಾದದ್ದು, ಪ್ರಯೋಗಾಲಯದ ಕಥೆ ಎಷ್ಟು ಒರಟಾದದ್ದು ಎಂಬುದು ತಿಳಿಯಿತು.

ಮೊದಲಿಗೆ ಪಾಲಿಮರಿನ ಅಗತ್ಯ ಏಕೆ ಬಿತ್ತು ಎಂಬುದನ್ನು ಚುಟುಕಾಗಿ ನೆನೆಯೋಣ. ದೋಷವಿರುವ ಜೀನಿನ ಜಾಗದಲ್ಲಿ ಕೆಲಸ ಮಾಡಲು ಸರಿಯಾದ ಜೀನನ್ನು ಕೋಶಕ್ಕೆ ಒಯ್ಯಬೇಕು. ಈ ಕೆಲಸದಲ್ಲಿ ನಿಸರ್ಗದ ಪಳಗಿದ ಕೈ ಎಂದರೆ ವೈರಸ್. ಆದರೆ 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪರೀಕ್ಷೆಯೊಂದರಲ್ಲಿ ಅಡಿನೊವೈರಸ್ ಪಡೆದ 18 ವರ್ಷದ ಜೆಸ್ಸಿ ಗೆಲ್ಸಿಂಗರ್ ನಾಲ್ಕೇ ದಿನದಲ್ಲಿ ತೀರಿಕೊಂಡ. ಪ್ಯಾರಿಸ್‌ನಲ್ಲಿ ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ ಮಕ್ಕಳಿಗೆ ರೆಟ್ರೊವೈರಸ್ ಮೂಲಕ ಜೀನು ಕೊಟ್ಟು ಗುಣಪಡಿಸಿದ ಸಂಭ್ರಮ ಇನ್ನೂ ಆರಿರಲಿಲ್ಲ, 2002ರಲ್ಲಿ ಅವರಲ್ಲೇ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡಿತು. ಜೀನು ಹೋಗಿ ಕೂತ ಜಾಗ ಸರಿಯಿರಲಿಲ್ಲ. ಈ ಎರಡು ಪೆಟ್ಟುಗಳ ನಂತರ ವೈರಸ್ ಅಲ್ಲದ ವಾಹಕಗಳ ಮೇಲೆ ಎಲ್ಲರ ಕಣ್ಣು ಬಿತ್ತು. ಆ ಹತ್ತು ಹದಿನೈದು ವರ್ಷಗಳಲ್ಲಿ ಪ್ರಕಟವಾದ ಬಹುತೇಕ ಪ್ರತಿಯೊಂದು ಪಾಲಿಮರ್ ಪ್ರಬಂಧವೂ ‘ವೈರಸ್‌ಗಳು ಅಪಾಯಕರ, ಪಾಲಿಮರುಗಳು ಸುರಕ್ಷಿತ’ ಎಂಬ ವಾಕ್ಯದಿಂದಲೇ ಆರಂಭವಾಗುತ್ತದೆ. ವಾಕ್ಯದ ಮೊದಲರ್ಧಕ್ಕೆ ಸಾಕ್ಷಿಯಿತ್ತು. ಎರಡನೆಯ ಅರ್ಧ ಆಗಿನ್ನೂ ಬರಿಯ ಆಸೆ.

ಸಾಗಿಸಬೇಕಾದ ಸರಕು ಸಣ್ಣದಲ್ಲ. 5,000 ಜೋಡಿ ಪ್ರತ್ಯಾಮ್ಲಗಳ ಒಂದು ಪ್ಲಾಸ್ಮಿಡ್ಡನ್ನು ನೇರವಾಗಿ ಬಿಡಿಸಿದರೆ ಅದರ ಉದ್ದ ಸುಮಾರು 1.7 ಮೈಕ್ರೊಮೀಟರ್, ಅಣುತೂಕ 32 ಲಕ್ಷಕ್ಕೂ ಹೆಚ್ಚು. ಬೆನ್ನೆಲುಬಿನ ಫಾಸ್ಫೇಟುಗಳಿಂದಾಗಿ ಮೈಮೇಲೆ 10,000 ಋಣಾವೇಶಗಳು. ಕೋಶದ ಪೊರೆಯ ಹೊರಮೈ ಸಹ ಋಣಾವೇಶದ್ದೇ. ಒಂದನ್ನೊಂದು ತಳ್ಳುತ್ತವೆ. ಧನಾವೇಶವಿರುವ ಪಾಲಿಮರನ್ನು ಬೆರೆಸಿದರೆ ಡಿಎನ್‌ಎ ಮುದುಡಿ ನೂರು ನ್ಯಾನೊಮೀಟರಿನ ಆಸುಪಾಸಿನ ಉಂಡೆಯಾಗುತ್ತದೆ, ಪೊರೆಗೆ ಅಂಟುತ್ತದೆ, ಕೋಶ ಅದನ್ನು ನುಂಗುತ್ತದೆ. 1987ರಲ್ಲಿ ಜಾರ್ಜ್ ವೂ ಮತ್ತು ಕ್ಯಾಥರೀನ್ ವೂ ಪಾಲಿಲೈಸೀನಿಗೆ ಯಕೃತ್ತಿನ ಕೋಶಗಳು ಗುರುತು ಹಿಡಿಯುವ ಪ್ರೋಟೀನೊಂದನ್ನು ಜೋಡಿಸಿ ಇದನ್ನು ಮಾಡಿ ತೋರಿಸಿದ್ದರು. ಪೊರೆ ದಾಟಿಸುವುದು ಕಷ್ಟವಲ್ಲ ಎಂದಾಯಿತು. ಕಷ್ಟವಿದ್ದದ್ದು ಆಮೇಲೆ. ನುಂಗಿದ್ದೆಲ್ಲ ಎಂಡೋಸೋಮ್ ಎಂಬ ಚೀಲದಲ್ಲಿರುತ್ತದೆ. ಚೀಲ ಬರಬರುತ್ತ ಆಮ್ಲೀಯವಾಗಿ, ಪಿಎಚ್ 7.4ರಿಂದ 5ರ ಸಮೀಪಕ್ಕಿಳಿದು, ಕೊನೆಗೆ ಕಿಣ್ವಗಳು ತುಂಬಿದ ಲೈಸೋಸೋಮಾಗಿ ಒಳಗಿನದನ್ನು ಜೀರ್ಣಿಸುತ್ತದೆ. ಪಾಲಿಲೈಸೀನಿಗೆ ಅಲ್ಲಿಂದ ಹೊರಬರುವ ದಾರಿ ಗೊತ್ತಿರಲಿಲ್ಲ. ಕ್ಲೋರೊಕ್ವಿನ್ ಮಾತ್ರೆಯ ರಾಸಾಯನಿಕವನ್ನು ಬೆರೆಸಿ ಹೇಗೋ ನಿಭಾಯಿಸುತ್ತಿದ್ದರು.

1995ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಜಾನ್-ಪಾಲ್ ಬೇರ್ ಅವರ ತಂಡ ಪಾಲಿಎಥಿಲೀನ್‌ಇಮೀನ್ ಎಂಬ ಪಾಲಿಮರನ್ನು ಈ ಕೆಲಸಕ್ಕೆ ತಂದಿತು. ಹೆಸರು ಉದ್ದ, ಇನ್ನು ಮುಂದೆ ಪಿಇಐ ಎನ್ನೋಣ. ಇದರ ಸರಪಳಿಯ ಪ್ರತಿ ಮೂರನೆಯ ಪರಮಾಣು ನೈಟ್ರೋಜನ್. ಸಾಮಾನ್ಯ ಪಿಎಚ್‌ನಲ್ಲಿ ಇವುಗಳಲ್ಲಿ ಸ್ಥೂಲವಾಗಿ ಐದರಲ್ಲೊಂದು ಪಾಲು ಮಾತ್ರ ಪ್ರೋಟಾನು ಹೊತ್ತಿರುತ್ತವೆ. ಉಳಿದವು ಖಾಲಿ. ಬೇರ್ ಅವರ ವಾದ ಸೊಗಸಾಗಿತ್ತು: ಕೋಶವು ಚೀಲವನ್ನು ಆಮ್ಲೀಯಗೊಳಿಸಲು ಪ್ರೋಟಾನುಗಳನ್ನು ಪಂಪು ಮಾಡಿದಂತೆಲ್ಲ ಖಾಲಿ ನೈಟ್ರೋಜನುಗಳು ಅವನ್ನು ಹೀರಿಕೊಳ್ಳುತ್ತವೆ, ಪಿಎಚ್ ಇಳಿಯುವುದಿಲ್ಲ, ಪಂಪು ನಿಲ್ಲುವುದಿಲ್ಲ, ವಿದ್ಯುತ್ ಸಮತೋಲನಕ್ಕೆ ಕ್ಲೋರೈಡ್ ಅಯಾನುಗಳು ಒಳಬರುತ್ತವೆ, ಅವುಗಳ ಹಿಂದೆ ಪರಾಸರಣದಿಂದ ನೀರು, ಚೀಲ ಊದಿ ಒಡೆಯುತ್ತದೆ. ಪಿಯುಸಿ ರಸಾಯನಶಾಸ್ತ್ರದ ಬಫರ್ ಮತ್ತು ಜೀವಶಾಸ್ತ್ರದ ಪರಾಸರಣ ಎರಡೂ ಒಂದೇ ಚಿತ್ರದಲ್ಲಿ! ಅಧ್ಯಾಪಕರಿಗೆ ಇದಕ್ಕಿಂತ ಪ್ರಿಯವಾದ ಉದಾಹರಣೆ ಎಲ್ಲಿ ಸಿಗಬೇಕು? ಅದಕ್ಕೇ ಇರಬೇಕು, ಮೂಲದಲ್ಲಿ ಊಹೆಯಾಗಿ ಬಂದದ್ದು ಬಹುಬೇಗ ಪಠ್ಯವಾಗಿಬಿಟ್ಟಿತು.

ಪರೀಕ್ಷೆಗೆ ನಿಂತ ಸ್ಪಂಜು

ಊಹೆಯನ್ನು ಪರೀಕ್ಷೆ ಮಾಡದೇ ಇರಲಿಲ್ಲ. 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗುಂಪೊಂದು ಹೊಳೆಯುವ ಸೂಚಕಗಳನ್ನು ಬಳಸಿ, ಪಿಇಐ ಇರುವ ಚೀಲಗಳಲ್ಲಿ ಕ್ಲೋರೈಡ್ ಹೆಚ್ಚುವುದನ್ನೂ ಚೀಲ ಊದುವುದನ್ನೂ ಅಳೆಯಿತು. ಪಾಲಿಲೈಸೀನ್ ಇರುವ ಚೀಲಗಳಲ್ಲಿ ಹಾಗಾಗಲಿಲ್ಲ. 2005ರಲ್ಲಿ ಎಂಐಟಿಯಲ್ಲಿ ಪಿಇಐನ ನೈಟ್ರೋಜನುಗಳಿಗೆ ಮೀಥೈಲ್ ಗುಂಪುಗಳನ್ನು ತುಂಬಿ ಅವು ಪ್ರೋಟಾನು ಹೀರದಂತೆ ಮಾಡಿದರು. ಜೀನು ಸಾಗಿಸುವ ಶಕ್ತಿ ಕುಸಿಯಿತು. ಪ್ರೋಟಾನು ಪಂಪನ್ನು ಔಷಧಿಯಿಂದ ನಿಲ್ಲಿಸಿದಾಗಲೂ ಕುಸಿಯಿತು. ಇಲ್ಲಿಯವರೆಗೆ ಸ್ಪಂಜಿಗೆ ಗೆಲುವು.

ಆದರೆ 2004ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಡೇನಿಯಲ್ ಪ್ಯಾಕ್ ಅವರ ತಂಡ ಕವಲೊಡೆದ ಪಿಇಐನ ಒಂದಷ್ಟು ಅಮೀನುಗಳನ್ನು ಅಸಿಟೈಲ್ ಗುಂಪಿನಿಂದ ಮುಚ್ಚಿತ್ತು. ಹೀಗೆ ಮಾಡಿದರೆ ಪ್ರೋಟಾನು ಹೀರುವ ಸಾಮರ್ಥ್ಯ ತಗ್ಗುತ್ತದೆ. ಸ್ಪಂಜಿನ ವಾದ ಸರಿಯಿದ್ದರೆ ಜೀನಿನ ಸಾಗಣೆಯೂ ತಗ್ಗಬೇಕು. ತಗ್ಗಲಿಲ್ಲ, ಹಲವು ಪಟ್ಟು ಏರಿತು. ಡಿಎನ್‌ಎ ಮೇಲಿನ ಹಿಡಿತ ಸಡಿಲಗೊಂಡು, ಕೋಶದೊಳಗೆ ಸರಕು ಸುಲಭವಾಗಿ ಬಿಚ್ಚಿಕೊಂಡಿತು ಎಂಬುದು ಒಂದು ವಿವರಣೆ. ಹಾಗಾದರೆ ಬೀಗ ಇದ್ದದ್ದು ಚೀಲದಲ್ಲೋ, ಗಂಟಿನಲ್ಲೋ?

ಇದಕ್ಕೊಂದು ಜತೆಯಿದೆ, ಅದನ್ನು ತರಗತಿಯಲ್ಲಿ ಹೇಳದೆ ಬಿಡಬಾರದು. 2005ರಲ್ಲಿ ಎಂಐಟಿಯ ಅಲೆಕ್ಸಾಂಡರ್ ಕ್ಲಿಬನೊವ್ ಅವರ ತಂಡ, ಅಂಗಡಿಯಲ್ಲಿ ಸಿಗುವ ಕವಲಿಲ್ಲದ ಪಿಇಐನಲ್ಲಿ ತಯಾರಿಕೆಯ ಕಾಲದಲ್ಲೇ ಉಳಿದುಹೋದ ಅಸೈಲ್ ಗುಂಪುಗಳಿರುವುದನ್ನು ಕಂಡಿತು. ಅವನ್ನು ಪೂರ್ತಿಯಾಗಿ ಕಿತ್ತುಹಾಕಿದಾಗ ಗಾಜಿನ ಬಟ್ಟಲಿನ ಕೋಶಗಳಲ್ಲಿ ಸಾಗಣೆ ಇಪ್ಪತ್ತು ಪಟ್ಟಿನಷ್ಟು ಹೆಚ್ಚಿತು. ಇಲಿಯ ದೇಹದಲ್ಲಿ 10,000 ಪಟ್ಟು. ಒಂದು ಕಡೆ ಅದೇ ಬಗೆಯ ಗುಂಪನ್ನು ಅಂಟಿಸಿ ಸುಧಾರಣೆ, ಇನ್ನೊಂದು ಕಡೆ ಕಿತ್ತು ಸುಧಾರಣೆ. ಒಂದು ಕವಲೊಡೆದ ಪಾಲಿಮರು, ಇನ್ನೊಂದು ನೀಳ ಪಾಲಿಮರು, ಆದ್ದರಿಂದ ಇದು ನೇರ ವಿರೋಧವಲ್ಲ ಎಂದು ಸಮಾಧಾನ ಹೇಳಬಹುದು. ಆದರೂ ಎರಡು ಪಾಠಗಳು ಉಳಿಯುತ್ತವೆ. ಸೀಸೆಯ ಮೇಲಿನ ಚೀಟಿಯನ್ನು ನಂಬಿ ಹತ್ತು ವರ್ಷ ನಡೆದ ಪ್ರಯೋಗಗಳಲ್ಲಿ ಒಳಗಿದ್ದ ವಸ್ತು ಚೀಟಿ ಹೇಳಿದಂತಿರಲಿಲ್ಲ. ಮತ್ತು ಬಟ್ಟಲಿನ ಇಪ್ಪತ್ತು, ಇಲಿಯ ಹತ್ತು ಸಾವಿರ ಇವೆರಡರ ನಡುವೆ ಯಾವ ಸರಳ ಸೂತ್ರವೂ ಇಲ್ಲ. ಇಲ್ಲಿ ಅದೃಷ್ಟಕ್ಕೆ ಇಲಿಯಲ್ಲಿ ಫಲ ಹೆಚ್ಚಿತ್ತು. ಉಳಿದ ಬಹುಪಾಲು ಪಾಲಿಮರುಗಳ ಕಥೆ ತಲೆಕೆಳಗು.

ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2013ರ ಎರಡು ಪ್ರಬಂಧಗಳಲ್ಲಿ. ಡೆನ್ಮಾರ್ಕಿನ ಸಂಶೋಧಕರು ಪಿಎಚ್ ಅಳೆಯುವ ನ್ಯಾನೊ ಕಣಗಳನ್ನು ಕೋಶದೊಳಗಿಟ್ಟು ನೋಡಿದರು: ಪಿಇಐ ಇದ್ದರೂ ಲೈಸೋಸೋಮಿನ ಪಿಎಚ್ ಬದಲಾಗಲಿಲ್ಲ. ನೆದರ್ಲೆಂಡ್ಸಿನ ಖ್ರೋನಿಂಗೆನ್‌ನಲ್ಲಿ ಇಂಗೆ ಜುಹೋರ್ನ್ ಮತ್ತು ಸಂಗಡಿಗರು ಬಣ್ಣ ಹಚ್ಚಿದ ನ್ಯೂಕ್ಲಿಯಿಕ್ ಆಮ್ಲದ ತುಂಡುಗಳು ಚೀಲದಿಂದ ಹೊರಬರುವುದನ್ನು ಜೀವಂತ ಕೋಶದಲ್ಲೇ ಸೂಕ್ಷ್ಮದರ್ಶಕದಿಂದ ಹಿಡಿದರು. ಅವು ಹೊರಬಂದವು, ಆದರೆ ಚೀಲ ಚೂರಾಗಲಿಲ್ಲ. ಪೊರೆಯಲ್ಲಿ ಕ್ಷಣಕಾಲ ಬಿರುಕು ಮೂಡಿ ಮತ್ತೆ ಕೂಡಿಕೊಂಡಿತು. ಅಂದರೆ ನಾವು ಬರೆದ ಬಲೂನು ಒಡೆಯುವ ಚಿತ್ರ ಸರಿಯಲ್ಲ, ಹೊಲಿಗೆ ಬಿಟ್ಟ ಮೂಟೆಯಿಂದ ಕಾಳು ಸೋರುವ ಚಿತ್ರ ಹೆಚ್ಚು ಹತ್ತಿರ. ಪ್ರೋಟಾನು ಹೀರುವಿಕೆಗೆ ಪಾತ್ರವೇ ಇಲ್ಲ ಎಂದು ಇದರಿಂದ ತೀರ್ಮಾನಿಸಲಾಗದು. ಡೆನ್ಮಾರ್ಕಿನ ಅಳತೆ ಲೈಸೋಸೋಮಿನದು, ಅದಕ್ಕೆ ಮುಂಚಿನ ಹಂತದ ಚೀಲದ್ದಲ್ಲ. ಪೊರೆಗೂ ಧನಾವೇಶದ ಪಾಲಿಮರಿಗೂ ನಡುವಿನ ನೇರ ತಿಕ್ಕಾಟಕ್ಕೆ ದೊಡ್ಡ ಪಾತ್ರವಿರಬಹುದು ಎಂಬ ಕಡೆಗೆ ಈಗ ಒಲವು ಹೆಚ್ಚು. ಭಿತ್ತಿಪತ್ರಗಳಿಗೆ ಮಾತ್ರ ಈ ಸುದ್ದಿ ಇನ್ನೂ ಮುಟ್ಟಿಲ್ಲ.

ಇದರಿಂದ ಆಗುವ ನಷ್ಟವೇನು ಎಂದು ಕೇಳಬಹುದು. ಚಿತ್ರ ತಪ್ಪಾದರೆ ಅದನ್ನು ನಂಬಿ ಮಾಡುವ ಮಾರ್ಪಾಡೂ ದಾರಿ ತಪ್ಪುತ್ತದೆ. ಸ್ಪಂಜು ಸತ್ಯವೆಂದು ಹಿಡಿದು ಕೈಟೊಸಾನಿಗೆ, ಪಾಲಿಲೈಸೀನಿಗೆ, ಡೆಕ್ಸ್‌ಟ್ರಾನಿಗೆ ಇಮಿಡಜೋಲ್ ಗುಂಪು ತುಂಬಿ ‘ಬಫರ್ ಸಾಮರ್ಥ್ಯ’ ಹೆಚ್ಚಿಸಿದ್ದನ್ನೇ ಸಾಧನೆಯೆಂದು ವರದಿ ಮಾಡಿದ ಕೆಲಸಗಳು ಲೆಕ್ಕವಿಲ್ಲದಷ್ಟಿವೆ. ಟೈಟ್ರೇಷನ್ ರೇಖೆಯೊಂದನ್ನು ಬರೆದರೆ ಅರ್ಧ ಪ್ರಬಂಧ ಮುಗಿದಂತೆ. ಬ್ಯೂರೆಟ್ಟಿನಲ್ಲಿ ಅಳೆದದ್ದು ಕೋಶದ ಚೀಲದಲ್ಲೂ ನಡೆಯುತ್ತದೆಯೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಅಳತೆಗೋಲಿನ ತಕರಾರು

ಪಿಇಐನ ಇನ್ನೊಂದು ಮುಖ ಅದರ ವಿಷತ್ವ. 25,000 ಅಣುತೂಕದ ಕವಲೊಡೆದ ಪಿಇಐ ಕೋಶಗಳನ್ನು ಎರಡು ಹಂತಗಳಲ್ಲಿ ಹಿಂಸಿಸುತ್ತದೆಂದು ಮೊಯಿನ್ ಮೊಘಿಮಿ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು: ಅರ್ಧ ಗಂಟೆಯೊಳಗೆ ಹೊರಪೊರೆಗೆ ಧಕ್ಕೆ, ದಿನವೊಂದರ ನಂತರ ಮೈಟೊಕಾಂಡ್ರಿಯದ ಮೂಲಕ ಕೋಶದ ಆತ್ಮಹತ್ಯೆ. ಪಾಲಿಮರನ್ನು ಮಾರ್ಪಡಿಸುವ ಉದ್ಯಮವೆಲ್ಲ ಹುಟ್ಟಿದ್ದು ಇಲ್ಲಿಂದಲೇ. ಆವೇಶವನ್ನು ಒಂದಿಷ್ಟು ಮುಚ್ಚುವುದು, ಸಣ್ಣ ತುಣುಕುಗಳನ್ನು ಡೈಸಲ್ಫೈಡ್ ಬಂಧದಿಂದ ಪೋಣಿಸಿ ಕೋಶದೊಳಗಿನ ಗ್ಲುಟಾಥಯೋನ್ ಅದನ್ನು ಕತ್ತರಿಸುವಂತೆ ಮಾಡುವುದು, ಸಕ್ಕರೆ ಅಥವಾ ಕೊಬ್ಬಿನ ಅಣು ಅಂಟಿಸುವುದು. ನಮ್ಮಲ್ಲೂ ಒಳ್ಳೆಯ ಕೆಲಸ ನಡೆದಿದೆ. ದೆಹಲಿಯ ಜೀನೋಮಿಕ್ಸ್ ಮತ್ತು ಸಮಗ್ರ ಜೀವವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಗುಪ್ತ ಅವರ ಗುಂಪು 2006ರಲ್ಲಿ ಕಡಲಕಳೆಯ ಆಲ್ಜಿನೇಟ್ ಬೆರೆಸಿ ಪಿಇಐನ ಧನಾವೇಶವನ್ನು ಪಳಗಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶಂತನು ಭಟ್ಟಾಚಾರ್ಯ ಮತ್ತು ಪಿ. ಕೊಂಡಯ್ಯ ಅವರ ತಂಡ 2008ರಲ್ಲಿ ಕಡಿಮೆ ಅಣುತೂಕದ ಪಿಇಐಗೆ ಕೊಲೆಸ್ಟರಾಲ್ ಜೋಡಿಸಿತು. ಅದೇ ಸಂಸ್ಥೆಯ ಎನ್. ಜಯರಾಮನ್ ಮತ್ತು ಸಹೋದ್ಯೋಗಿಗಳು 2013ರಲ್ಲಿ ಈಥರ್-ಇಮೀನ್ ಡೆಂಡ್ರಿಮರನ್ನು ಪರೀಕ್ಷಿಸಿದರು. ದೆಹಲಿಯ ಪ್ರಬಂಧ ತನ್ನ ಶೀರ್ಷಿಕೆಯಲ್ಲೇ ಇದು ಗಾಜಿನ ಪಾತ್ರೆಯೊಳಗಿನ ಸಾಧನ ಎಂದು ಹೇಳಿಕೊಂಡಿದೆ. ಈ ಪ್ರಾಮಾಣಿಕತೆ ಅಪರೂಪವಾದ್ದರಿಂದ ಎತ್ತಿ ಹೇಳುತ್ತಿದ್ದೇನೆ.

ನನ್ನ ತಕರಾರಿರುವುದು ಗೆಲುವನ್ನು ಅಳೆಯುವ ರೀತಿಯ ಬಗ್ಗೆ. ಹೊಸ ಪಾಲಿಮರನ್ನು ಹೋಲಿಸುವುದು ಯಾವುದರ ಜತೆ? ಬಹುತೇಕ ಸಲ 25,000ದ ಪಿಇಐ ಜತೆ. ವಿಷಕಾರಿ ಎಂದು ಎಲ್ಲರೂ ಒಪ್ಪಿದ ವಸ್ತುವಿಗಿಂತ ತಾನು ಕಡಿಮೆ ವಿಷಕಾರಿ ಎನ್ನುವುದು ದೊಡ್ಡ ಮಾತಲ್ಲ. ಪರೀಕ್ಷೆ ಯಾವ ಕೋಶಗಳಲ್ಲಿ? ಹೆಕ್-293, ಹೀಲಾ, ಕಾಸ್-7. ಇವು ಬೇಗ ಬೇಗ ವಿಭಜಿಸುವ, ಕೊಟ್ಟದ್ದನ್ನೆಲ್ಲ ನುಂಗುವ ಸಾಕು ಕೋಶಗಳು. ಯಾವ ದ್ರವದಲ್ಲಿ? ಅನೇಕ ಸಲ ಸೀರಮ್ ಇಲ್ಲದ ದ್ರವದಲ್ಲಿ. ರೋಗಿಯ ದೇಹದಲ್ಲಿ ಸೀರಮ್ ಇಲ್ಲದ ರಕ್ತ ಎಲ್ಲಿಂದ ತರುವುದು?

ಒಂದು ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ ನೋಡಬಹುದು. ಒಂದು ಗುಳಿಯಲ್ಲಿ ಲಕ್ಷ ಕೋಶಗಳಿವೆ, ಅರ್ಧ ಮೈಕ್ರೊಗ್ರಾಮ್ ಪ್ಲಾಸ್ಮಿಡ್ ಹಾಕಿದ್ದೇವೆ ಎಂದುಕೊಳ್ಳಿ. ಮೇಲೆ ಹೇಳಿದ ಅಣುತೂಕದಿಂದ ಭಾಗಿಸಿ ಅವೊಗಾಡ್ರೊ ಸಂಖ್ಯೆಯಿಂದ ಗುಣಿಸಿದರೆ ಸುಮಾರು 9,000 ಕೋಟಿ ಪ್ಲಾಸ್ಮಿಡ್ಡುಗಳಾಗುತ್ತವೆ. ಕೋಶವೊಂದಕ್ಕೆ 9 ಲಕ್ಷ! ಇಷ್ಟು ಸುರಿದಮೇಲೆ ‘ಶೇಕಡ 60ರಷ್ಟು ಕೋಶಗಳು ಹಸಿರಾಗಿ ಹೊಳೆದವು’ ಎಂಬ ವರದಿ ಬರುತ್ತದೆ. ಹುಣಿಸೆ ಮರಕ್ಕೆ ಗಾಡಿಗಟ್ಟಲೆ ಕಲ್ಲು ತೂರಿ ಬಿದ್ದ ಹಣ್ಣನ್ನು ಎಣಿಸಿದ ಹಾಗೆ. ಹಣ್ಣು ಬಿದ್ದದ್ದು ನಿಜ, ಗುರಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಅದೇ ಪ್ಲಾಸ್ಮಿಡ್ಡಿನ 10,000 ಫಾಸ್ಫೇಟುಗಳಿಗೆ ಹತ್ತು ಪಟ್ಟು ನೈಟ್ರೋಜನ್ ಎಂಬ ರೂಢಿಯ ಅನುಪಾತದಲ್ಲಿ ಪಿಇಐ ಹಾಕಿದರೆ ಪ್ಲಾಸ್ಮಿಡ್ ಒಂದಕ್ಕೆ ಸುಮಾರು 170 ಸರಪಳಿಗಳು ಬೀಳುತ್ತವೆ. ಉಂಡೆ ಕಟ್ಟಲು ಅಷ್ಟು ಬೇಕಿಲ್ಲ. ಬಹುಪಾಲು ಬಿಡಿಯಾಗಿ ತೇಲುತ್ತಿರುತ್ತವೆ. 2004ರಲ್ಲಿ ಮ್ಯೂನಿಕ್‌ನ ತಂಡವೊಂದು ಈ ಬಿಡಿ ಪಿಇಐಯನ್ನು ಸೋಸಿ ತೆಗೆದು ನೋಡಿತು. ವಿಷತ್ವ ಇಳಿಯಿತು. ಜತೆಗೇ ಜೀನಿನ ಸಾಗಣೆಯೂ ಇಳಿಯಿತು! ಕೆಲಸ ಮಾಡುವ ಅಂಶವೂ ಕೊಲ್ಲುವ ಅಂಶವೂ ಒಂದೇ ಎಂದಾದರೆ, ‘ವಿಷತ್ವವನ್ನು ಬೇರ್ಪಡಿಸಿದ್ದೇವೆ’ ಎನ್ನುವ ಪ್ರತಿ ಪ್ರಬಂಧವೂ ಬಿಡಿ ಪಾಲಿಮರು ಎಷ್ಟಿತ್ತು ಎಂದು ಹೇಳಬೇಕಿತ್ತು. ಹೇಳುವುದು ಅಪರೂಪ.

ಪಾಲಿಮರುಗಳಿಗೆ ಇನ್ನೂ ಒಂದು ಗೋಡೆಯಿದೆ, ಅದು ಕೋಶಕೇಂದ್ರದ್ದು. ಮುಂದೆ ಬೇರೆ ಕೆಲಸಕ್ಕಾಗಿ ನೊಬೆಲ್ ಪಡೆದ ಮಾರಿಯೊ ಕಪೆಕಿ 1980ರಲ್ಲೇ ಸೂಕ್ಷ್ಮ ಸೂಜಿಯಿಂದ ಡಿಎನ್‌ಎಯನ್ನು ಕೋಶಗಳಿಗೆ ಚುಚ್ಚಿದ್ದರು. ನೇರವಾಗಿ ಕೋಶಕೇಂದ್ರಕ್ಕೆ ಚುಚ್ಚಿದಾಗ ಅರ್ಧಕ್ಕಿಂತ ಹೆಚ್ಚು ಕೋಶಗಳಲ್ಲಿ ಜೀನು ಕೆಲಸ ಮಾಡಿತು. ಕೋಶದ್ರವಕ್ಕೆ ಚುಚ್ಚಿದಾಗ ಸಾವಿರಕ್ಕೂ ಹೆಚ್ಚು ಕೋಶಗಳಲ್ಲಿ ಒಂದರಲ್ಲೂ ಇಲ್ಲ. ಅಂದರೆ ಚೀಲದಿಂದ ತಪ್ಪಿಸಿಕೊಂಡ ಮಾತ್ರಕ್ಕೆ ಕಥೆ ಮುಗಿಯುವುದಿಲ್ಲ. ವಿಭಜಿಸುವ ಕೋಶದಲ್ಲಿ ಕೇಂದ್ರದ ಪೊರೆ ಕರಗಿ ಮತ್ತೆ ಕಟ್ಟಿಕೊಳ್ಳುವಾಗ ಡಿಎನ್‌ಎ ನುಸುಳಬಹುದು. ಹೀಲಾ ಕೋಶಗಳಲ್ಲಿ ಎಲ್ಲರಿಗೂ ಜಯ ಸಿಗಲು ಇದೂ ಒಂದು ಕಾರಣ. ನರಕೋಶ, ಸ್ನಾಯುಕೋಶಗಳು ವಿಭಜಿಸುವುದಿಲ್ಲ. ಹುಟ್ಟುರೋಗಗಳಲ್ಲಿ ನಮಗೆ ಬೇಕಾದವು ಬಹುಮಟ್ಟಿಗೆ ಅವೇ.

ರಕ್ತಕ್ಕಿಳಿದಾಗ

ಬಟ್ಟಲಿನಲ್ಲಿ ಗೆದ್ದ ಧನಾವೇಶವೇ ರಕ್ತದಲ್ಲಿ ಶತ್ರು. ರಕ್ತದ ಪ್ರೋಟೀನುಗಳು ಕಣಕ್ಕೆ ಮುತ್ತಿಕೊಳ್ಳುತ್ತವೆ, ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ, ಚುಚ್ಚಿದ ಮೇಲೆ ಮೊದಲು ಸಿಗುವ ಸಣ್ಣ ರಕ್ತನಾಳಗಳ ಬಲೆಯಾದ ಶ್ವಾಸಕೋಶದಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಇದನ್ನು ‘ಶ್ವಾಸಕೋಶಕ್ಕೆ ಗುರಿಯಿಟ್ಟ ಸಾಗಣೆ’ ಎಂದು ಕರೆದವರಿದ್ದಾರೆ. ರಸ್ತೆಯಲ್ಲಿ ಕೆಟ್ಟು ನಿಂತ ಬಸ್ಸಿಗೆ ಅದೇ ನಿಲ್ದಾಣ ಎಂದಂತೆ. ಪರಿಹಾರವಾಗಿ ಕಣಕ್ಕೆ ಪಾಲಿಎಥಿಲೀನ್ ಗ್ಲೈಕಾಲ್, ಅಂದರೆ ಪೆಗ್, ಎಂಬ ನೀರುಪ್ರಿಯ ಹೊದಿಕೆ ಹೊದಿಸುತ್ತಾರೆ. ಹೊದಿಸಿದರೆ ರಕ್ತದಲ್ಲಿ ಬಾಳುತ್ತದೆ, ಆದರೆ ಕೋಶಕ್ಕೆ ಅಂಟುವುದಿಲ್ಲ, ಚೀಲದ ಪೊರೆಯನ್ನೂ ತಾಗುವುದಿಲ್ಲ. ತೆಗೆದರೆ ಕೋಶಕ್ಕೆ ಅಂಟುತ್ತದೆ, ಆದರೆ ಕೋಶದವರೆಗೆ ತಲುಪುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಸಾಲದೆಂಬಂತೆ ಪೆಗ್ ವಿರುದ್ಧವೂ ದೇಹ ಪ್ರತಿಕಾಯಗಳನ್ನು ತಯಾರಿಸಬಲ್ಲದು; ಎರಡನೆಯ ಸಲ ಚುಚ್ಚಿದಾಗ ಕಣಗಳು ಬೇಗ ಕಣ್ಮರೆಯಾಗುತ್ತವೆ.

ಈ ದಾರಿಯಲ್ಲಿ ಅತ್ಯಂತ ಶಿಸ್ತಿನಿಂದ ನಡೆದವರು ಕ್ಯಾಲ್ಟೆಕ್‌ನ ಮಾರ್ಕ್ ಡೇವಿಸ್ ಎಂದು ನನ್ನ ಅಭಿಪ್ರಾಯ. ಪಿಷ್ಟದಿಂದ ಬರುವ ಸೈಕ್ಲೊಡೆಕ್ಸ್‌ಟ್ರಿನ್ ಬಳೆಗಳನ್ನು ಸರಪಳಿಯಲ್ಲಿ ಸೇರಿಸಿ, ಆ ಬಳೆಯ ಪೊಟರೆಗೆ ಅಡಮಂಟೇನ್ ಎಂಬ ಗುಬುಟನ್ನು ತೂರಿಸಿ ಪೆಗ್ ಹೊದಿಕೆಯನ್ನೂ ಟ್ರಾನ್ಸ್‌ಫೆರಿನ್ ಪ್ರೋಟೀನನ್ನೂ ತಗುಲಿಸಿದರು. ಸರಕು ಪೂರ್ಣ ಜೀನಲ್ಲ, ಜೀನಿನ ಸದ್ದಡಗಿಸುವ ಪುಟ್ಟ ಆರ್‌ಎನ್‌ಎ. 2008ರಲ್ಲಿ ಮಾನವ ಪರೀಕ್ಷೆ ಶುರುವಾಯಿತು. 2010ರಲ್ಲಿ ಮೆಲನೋಮ ರೋಗಿಗಳ ಗಂಟಿನಿಂದ ತೆಗೆದ ಚೂರಿನಲ್ಲಿ ಕಣಗಳು ತಲುಪಿದ್ದನ್ನೂ, ಒಬ್ಬ ರೋಗಿಯಲ್ಲಿ ಗುರಿಯ ಆರ್‌ಎನ್‌ಎ ನಿಗದಿತ ಜಾಗದಲ್ಲೇ ತುಂಡಾದದ್ದನ್ನೂ ತೋರಿಸಿದರು. ಪಾಲಿಮರ್ ಲೋಕಕ್ಕೆ ಅದು ಹಬ್ಬದ ದಿನ. ಆದರೆ 24 ರೋಗಿಗಳ ನಂತರ ಆ ಔಷಧ ಮುಂದುವರಿಯಲಿಲ್ಲ. ಅಡ್ಡಪರಿಣಾಮಗಳು ಏಕೆ ಬಂದವೆಂದು ಅವರದೇ ತಂಡ 2014ರಲ್ಲಿ ವಿವರವಾಗಿ ಬರೆಯಿತು. ಗೆದ್ದ ಪ್ರಬಂಧವನ್ನು ಉಲ್ಲೇಖಿಸುವವರು ಸಾವಿರ, ಸೋತ ಪ್ರಬಂಧವನ್ನು ಓದುವವರು ಕೆಲವೇ ಮಂದಿ. ನನಗೆ ಎರಡನೆಯದೇ ಹೆಚ್ಚು ಕಲಿಸಿತು.

ಅಷ್ಟರಲ್ಲಿ ಪಕ್ಕದ ಓಣಿಯಿಂದ ಲಿಪಿಡ್ಡುಗಳು ಮುಂದೆ ಹೋದವು. 2018ರಲ್ಲಿ ಯಕೃತ್ತಿಗೆ ಸದ್ದಡಗಿಸುವ ಆರ್‌ಎನ್‌ಎ ಒಯ್ಯುವ ಲಿಪಿಡ್ ಕಣಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 2020ರ ಕೊನೆಯಿಂದ ಕೋವಿಡ್ ಲಸಿಕೆಯಾಗಿ ಅದೇ ಬಗೆಯ ಕಣ ಕೋಟ್ಯಂತರ ತೋಳುಗಳಿಗೆ ಇಳಿಯಿತು. 2025ರಲ್ಲಿ ಫಿಲಡೆಲ್ಫಿಯಾದಲ್ಲಿ ಅಪರೂಪದ ಯಕೃತ್ತಿನ ರೋಗವಿದ್ದ ಶಿಶುವೊಂದಕ್ಕೆಂದೇ ತಯಾರಿಸಿದ ಜೀನ್ ತಿದ್ದುವ ಔಷಧವನ್ನೂ ಒಯ್ದದ್ದು ಅದೇ. ಈ ಲಿಪಿಡ್ಡುಗಳು ರಕ್ತದ ಪಿಎಚ್‌ನಲ್ಲಿ ಬಹುಮಟ್ಟಿಗೆ ಆವೇಶರಹಿತ, ಆಮ್ಲೀಯ ಚೀಲದೊಳಗೆ ಮಾತ್ರ ಧನಾವೇಶ ತಾಳುತ್ತವೆ. ಲಸಿಕೆಯ ಆರ್‌ಎನ್‌ಎಗೆ ಕೋಶಕೇಂದ್ರದ ಗೋಡೆ ದಾಟುವ ಕೆಲಸವೇ ಇಲ್ಲ. ಹಾಗೆಂದು ಅವುಗಳ ದಕ್ಷತೆ ಬೆರಗು ಹುಟ್ಟಿಸುವಂಥದ್ದೇನಲ್ಲ: 2013ರ ಅಳತೆಯೊಂದರಲ್ಲಿ ಚೀಲದಿಂದ ಪಾರಾದ ಆರ್‌ಎನ್‌ಎ ಶೇಕಡ 1–2 ಮಾತ್ರ. ಯಕೃತ್ತಿನಾಚೆ ಅವು ಹೋಗುವುದೂ ಕಷ್ಟ. ಇನ್ನು ನಮ್ಮ ದೇಶದಲ್ಲಿ 2021ರಲ್ಲಿ ಅನುಮತಿ ಪಡೆದ ಡಿಎನ್‌ಎ ಲಸಿಕೆ ಝೈಕೋವ್-ಡಿ ಯಾವ ವಾಹಕವನ್ನೂ ಬಳಸಲಿಲ್ಲ. ಸೂಜಿಯಿಲ್ಲದ ಯಂತ್ರದಿಂದ ಚರ್ಮಕ್ಕೆ ರಭಸವಾಗಿ ಚಿಮ್ಮಿಸಿದರು, ಅಷ್ಟೆ. ಮೂವತ್ತು ವರ್ಷಗಳ ಪಾಲಿಮರ್ ರಸಾಯನಶಾಸ್ತ್ರದ ಎದುರು ಒಂದು ಸ್ಪ್ರಿಂಗು!

ಹಾಗಾದರೆ ಪಾಲಿಮರುಗಳಿಗೆ ಕೆಲಸವೇ ಸಿಗಲಿಲ್ಲವೆ? ಸಿಕ್ಕಿದೆ, ಯಾರೂ ಎಣಿಸದ ಜಾಗದಲ್ಲಿ. ಬೆನ್ನುಹುರಿಯ ಸ್ನಾಯುಕ್ಷಯಕ್ಕೆ, ಹಿಮೋಫಿಲಿಯಾಕ್ಕೆ ಈಗ ಬಳಸುವ ಜೀನ್ ಔಷಧಿಗಳ ವಾಹಕ ಎಎವಿ ಎಂಬ ವೈರಸ್. ಆ ವೈರಸ್ಸನ್ನು ತಯಾರಿಸುವ ಪ್ರಚಲಿತ ವಿಧಾನದಲ್ಲಿ ಹೆಕ್-293 ಕೋಶಗಳಿಗೆ ಮೂರು ಪ್ಲಾಸ್ಮಿಡ್ಡುಗಳನ್ನು ಒಮ್ಮೆಗೇ ತುಂಬಬೇಕು. ತುಂಬುವುದಕ್ಕೆ ಹೆಚ್ಚಾಗಿ ಬಳಸುವುದು ಇದೇ ಪಿಇಐ. ಅಲ್ಲಿ ಕೋಶ ನಾಳೆ ಸತ್ತರೂ ಚಿಂತೆಯಿಲ್ಲ, ರಕ್ತದ ಗೊಡವೆಯಿಲ್ಲ, ಸುರಿದದ್ದೆಷ್ಟು ಎಂಬ ಲೆಕ್ಕವೂ ಗೌಣ. ವೈರಸ್ಸಿಗೆ ಬದಲಿಯಾಗಲೆಂದು ಹೊರಟ ಪಾಲಿಮರು ವೈರಸ್ಸಿನ ಕಾರ್ಖಾನೆಯಲ್ಲಿ ನೌಕರಿ ಹಿಡಿದಿದೆ. ವೈರಸ್ಸಿನ ಅಪಾಯ ತೀರಿದೆಯೆಂದಲ್ಲ. ಸ್ನಾಯುಕ್ಷಯದ ಎಎವಿ ಚಿಕಿತ್ಸೆಯೊಂದನ್ನು ಪಡೆದ, ನಡೆಯಲಾಗದ ಹುಡುಗರಲ್ಲಿ ಯಕೃತ್ತು ವಿಫಲವಾಗಿ ಸಂಭವಿಸಿದ ಸಾವುಗಳು 2025ರಲ್ಲಿ ವರದಿಯಾದವು. ಪರ್ಯಾಯದ ಅಗತ್ಯ 1999ರಲ್ಲಿದ್ದಷ್ಟೇ ಇಂದೂ ಇದೆ.

ರಕ್ತಕ್ಕಿಳಿಯದೆ ತಲುಪಬಹುದಾದ ಅಂಗಗಳಲ್ಲಿ ಪಾಲಿಮರುಗಳಿಗೆ ಇನ್ನೂ ಅವಕಾಶವಿದೆ. ಮೂತ್ರಕೋಶ ಅಂಥದ್ದೊಂದು. ನಳಿಕೆಯಿಂದ ಔಷಧ ತುಂಬಿ ಸ್ವಲ್ಪ ಹೊತ್ತು ಹಿಡಿದಿಟ್ಟು ಹೊರಬಿಡಬಹುದು. ಶ್ವಾಸಕೋಶದ ಬಲೆಯ ಕಾಟವಿಲ್ಲ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ, ಕ್ಯಾನ್ಸರ್ ಕೋಶದಲ್ಲಿ ಮಾತ್ರ ಡಿಫ್ತೀರಿಯಾ ವಿಷ ತಯಾರಿಸುವ ಪ್ಲಾಸ್ಮಿಡ್ಡನ್ನು ಪಿಇಐ ಜತೆ ಹೀಗೆ ಕೊಟ್ಟು ನೋಡಿದರು. ನಿರೀಕ್ಷಿತ ಫಲ ಕಾಣದೆ 2019ರಲ್ಲಿ ಪರೀಕ್ಷೆ ನಿಂತಿತು. ಆನಂತರ ಅದೇ ರೋಗಕ್ಕೆ ಮಾನವ ಪರೀಕ್ಷೆಗೆ ಬಂದಿರುವುದು ಮಾರ್ಪಡಿಸಿದ ಕೈಟೊಸಾನ್. ಸಿಗಡಿ, ಏಡಿಗಳ ಚಿಪ್ಪಿನಿಂದ ಸಿಗುವ ಈ ವಸ್ತುವಿನ ಅಮೀನು ಪಿಎಚ್ 6.5ರ ಮೇಲೆ ಆವೇಶ ಕಳೆದುಕೊಂಡು ಕರಗದಂತಾಗುತ್ತದೆ. ಅದಕ್ಕೆಂದೇ ಸರಪಳಿಯನ್ನು ಗಿಡ್ಡಗೊಳಿಸಿ, ಒಂದಿಷ್ಟು ಕಡೆ ಆವೇಶಕ್ಕಾಗಿ ಆರ್ಜಿನೀನ್, ಒಂದಿಷ್ಟು ಕಡೆ ಕರಗುವಿಕೆಗಾಗಿ ಗ್ಲೂಕೋಸ್ ಜೋಡಿಸಿದ್ದಾರೆ. ಈ ವಿನ್ಯಾಸದಲ್ಲಿ ಬಫರ್ ಸಾಮರ್ಥ್ಯಕ್ಕಾಗಿ ಅಂಟಿಸಿದ ಗುಂಪು ಒಂದೂ ಇಲ್ಲ. ಲೋಳೆಯಿಂದ ಕೂಡಿದ ಒಂದು ಅಂಗದ ಗೋಡೆಯನ್ನು ಮುಂದಿಟ್ಟುಕೊಂಡು, ಅದಕ್ಕೆ ಏನು ಬೇಕೋ ಅಷ್ಟನ್ನೇ ಮಾಡಿದ್ದಾರೆ.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ಮರುವರ್ಷ ತನ್ನ ಕಿರುಯೋಜನೆಗೆ ಆರಿಸಿಕೊಂಡದ್ದು ಹೊಸ ಪಾಲಿಮರನ್ನಲ್ಲ. ಹಳೆಯ ಪಿಇಐಯನ್ನೇ ತೆಗೆದುಕೊಂಡು, ಸೀರಮ್ ಇದ್ದಾಗ ಮತ್ತು ಇಲ್ಲದಾಗ, ಬಿಡಿ ಪಾಲಿಮರನ್ನು ಸೋಸಿದಾಗ ಮತ್ತು ಸೋಸದಿದ್ದಾಗ, ಹೀಗೆ ನಾಲ್ಕು ಸಾಲುಗಳ ಕೋಷ್ಟಕ ಮಾಡಿದಳು. ಮೂರು ಸಾಲುಗಳಲ್ಲಿ ಹಸಿರು ಹೆಚ್ಚು ಕಾಣಲಿಲ್ಲ. ಪರೀಕ್ಷಕರು ‘ಹೊಸತೇನಿದೆ?’ ಎಂದು ಅಂಕ ಕಡಿಮೆ ಕೊಟ್ಟರು. ಆ ಕೋಷ್ಟಕದ ಪ್ರತಿಯೊಂದನ್ನು ನಾನು ಇಟ್ಟುಕೊಂಡಿದ್ದೇನೆ. ಕಪ್ಪುಹಲಗೆಯ ಮೇಲೆ ಮೊಟ್ಟೆಯಾಕಾರದ ಕೋಶ ಬರೆಯುವ ಮುನ್ನ ಈಗ ಅದನ್ನೇ ಮೊದಲು ಬರೆಯುತ್ತೇನೆ.